ಒಂದು ಪೌಂಡು ಕಾಳಿನಿಂದ ಸೊಂಟದ ಟೇಪಿನವರೆಗೆ: ಬಳ್ಳಾರಿ ಸೀಮೆಯ ಕೇರಿಯ ಉಣಿಸಿನ ಚರಿತ್ರೆ

ದಲಿತ ಸಾಹಿತ್ಯ ಕುರಿತ ಚರ್ಚೆಗಳಲ್ಲಿ ಹಸಿವಿನಷ್ಟು ಸಲ ಬಂದ ಮಾತು ಇನ್ನೊಂದಿಲ್ಲ. ಹಸಿವು ಪ್ರತಿಮೆಯಾಯಿತು, ಸಂವೇದನೆಯಾಯಿತು, ಹೋರಾಟದ ಘೋಷಣೆಯಾಯಿತು, ಕಡೆಗೆ ಎಂ.ಎ. ಪ್ರಶ್ನೆಪತ್ರಿಕೆಯಲ್ಲಿ ಟಿಪ್ಪಣಿ ಬರೆಯುವ ಪ್ರಶ್ನೆಯೂ ಆಯಿತು. ಆದರೆ ಹಸಿವಿಗೆ ಒಂದು ಚರಿತ್ರೆ ಇದೆ, ಆ ಚರಿತ್ರೆ ತುತ್ತು ಸಿಕ್ಕ ದಿನ ಮುಗಿಯುವುದಿಲ್ಲ, ಮೈಯೊಳಗೆ ಬೇರೊಂದು ಹೆಸರಿನಲ್ಲಿ ಮುಂದುವರಿಯುತ್ತದೆ ಎಂಬ ಸಂಗತಿ ವಿಮರ್ಶೆಯ ಕಣ್ಣಿಗೆ ಅಷ್ಟಾಗಿ ಬಿದ್ದಿಲ್ಲ. ಈ ಬರಹ ಆ ಬೇರೊಂದು ಹೆಸರನ್ನು ಕುರಿತದ್ದು.

ಬಳ್ಳಾರಿ ಜಿಲ್ಲೆಯ ಕುರುಗೋಡಿನ ಹತ್ತಿರದ ಬಾದನಹಟ್ಟಿಯಾಗಲಿ, ಅತ್ತ ಸಿರುಗುಪ್ಪದ ಕಡೆಯ ಹಳ್ಳಿಗಳಾಗಲಿ, ಇವತ್ತು ಕೇರಿಯ ಕಟ್ಟೆಯ ಮೇಲೆ ಕುಂತವರ ಬಾಯಲ್ಲಿ ಎರಡು ಇಂಗ್ಲಿಷ್ ಪದಗಳು ಕೇಳುತ್ತವೆ: ಶುಗರ್, ಬಿಪಿ. 'ನಂಗ ಶುಗರ್ ಐತ್ರೀ', 'ನಮ್ಮವ್ವಗ ಬಿಪಿ ಐತಿ, ಗುಳಿಗಿ ನುಂಗ್ತಾಳ' ಎಂಬ ಮಾತು ಈಗ ಜ್ವರ ನೆಗಡಿಯಷ್ಟೇ ಸಲೀಸು. ಒಂದು ಕಾಲಕ್ಕೆ ಇವು ಧಣಿಗಳ ಮನೆಯ ಕಾಯಿಲೆಗಳು. ಕೂತು ಉಂಡವರಿಗೆ ಬರುವ ರೋಗ, ದುಡಿದು ಉಂಡವರಿಗೆ ಬಾರದು ಎಂಬ ನಂಬಿಕೆ ಕೇರಿಯಲ್ಲಿ ಬಲವಾಗಿತ್ತು. ಆ ನಂಬಿಕೆಯಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು. ಆ ಹೆಮ್ಮೆಯನ್ನು ಕಾಲ ಉಳಿಸಲಿಲ್ಲ. ದೇಶದ ಹಲವು ರಾಜ್ಯಗಳಲ್ಲಿ ನಡೆದ ದೊಡ್ಡ ಸಮೀಕ್ಷೆಯೊಂದರ 2017ರ ವರದಿ, ಮುಂದುವರಿದ ರಾಜ್ಯಗಳ ಪಟ್ಟಣಗಳಲ್ಲಿ ಸಕ್ಕರೆ ಕಾಯಿಲೆ ಉಳ್ಳವರಿಗಿಂತ ಇಲ್ಲದವರಲ್ಲೇ ಹೆಚ್ಚು ಎಂದು ತೋರಿಸಿತು. ಅದೇ ಸಮೀಕ್ಷೆಯ 2023ರ ಲೆಕ್ಕದಲ್ಲಿ ಭಾರತದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ.

ಕಾಯಿಲೆ ಬರುವ ಮೊದಲೇ ಮೈ ಕೊಡುವ ಸೂಚನೆಗಳ ಗುಂಪಿಗೆ ವೈದ್ಯರು 'ಮೆಟಬಾಲಿಕ್ ಸಿಂಡ್ರೋಮ್' ಎಂದು ಹೆಸರಿಟ್ಟಿದ್ದಾರೆ. ಐದು ಸೂಚನೆಗಳು. ಸೊಂಟದ ಸುತ್ತಳತೆ ನಮ್ಮ ಕಡೆಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮುಟ್ಟಿರುವುದು. ರಕ್ತದೊತ್ತಡ 130ಕ್ಕೆ 85ರ ಗಡಿಗೆ ಬಂದಿರುವುದು. ಬರಿ ಹೊಟ್ಟೆಯ ಸಕ್ಕರೆ 100ಕ್ಕೆ ಏರಿರುವುದು. ಟ್ರೈಗ್ಲಿಸರೈಡ್ ಎಂಬ ಕೊಬ್ಬು 150ಕ್ಕೆ ಹೆಚ್ಚಿರುವುದು. ಎಚ್‌ಡಿಎಲ್ ಎಂಬ ಒಳ್ಳೆಯ ಕೊಬ್ಬು ತಗ್ಗಿರುವುದು. ಇವುಗಳಲ್ಲಿ ಯಾವುದಾದರೂ ಮೂರು ಕೂಡಿದರೆ ಹೃದಯಾಘಾತ, ಲಕ್ವ, ಸಕ್ಕರೆ ಕಾಯಿಲೆಗಳ ದಾರಿ ಹತ್ತಿರವಾಯಿತೆಂದು ಅರ್ಥ. ಮೂವತ್ತು ದಾಟಿದವರ ಸೊಂಟ ಅಳೆಯಲು ಆಶಾ ಕಾರ್ಯಕರ್ತೆ ಟೇಪು ಹಿಡಿದು ಮನೆಬಾಗಿಲಿಗೆ ಬರುತ್ತಾಳೆ. ಅಳತೆ ಮೀರಿದವರಿಗೆ ಸಿಗುವ ಉಪದೇಶ ಎಲ್ಲರಿಗೂ ಗೊತ್ತು: ಅನ್ನ ಕಡಿಮೆ ಮಾಡ್ರಿ, ಸೊಪ್ಪು-ಹಣ್ಣು ತಿನ್ರಿ, ದಿನಾ ವಾಕಿಂಗ್ ಮಾಡ್ರಿ, ಟೆನ್ಷನ್ ಮಾಡ್ಕೋಬ್ಯಾಡ್ರಿ. ಒಟ್ಟಿನಲ್ಲಿ, ಜೀವನಶೈಲಿ ಬದಲಿಸಿಕೊಳ್ಳಿ.

ಶೈಲಿ ಎಂಬುದು ಸಾಹಿತ್ಯ ವಿಮರ್ಶೆಯ ಪದ. ಇದ್ದ ಹಲವು ದಾರಿಗಳಲ್ಲಿ ಒಂದನ್ನು ಆಯ್ದುಕೊಳ್ಳುವುದು ಶೈಲಿ. ಆಯ್ಕೆಯೇ ಇಲ್ಲದ ಕಡೆ ಶೈಲಿಯ ಮಾತು ಹುಟ್ಟುವುದಿಲ್ಲ. ಭತ್ತ ನಾಟಿಗೆ ಬಗ್ಗಿದ ಹೆಣ್ಣುಮಗಳಿಗೆ ಜೀವನ ಇದೆ, ಶೈಲಿ ಎಲ್ಲಿಂದ ಬಂತು? ಆಕೆ ಏನು ಉಣ್ಣಬೇಕು, ಎಷ್ಟು ಉಣ್ಣಬೇಕು, ಯಾವಾಗ ಉಣ್ಣಬೇಕು ಎಂಬುದನ್ನು ಆಕೆಯ ಮನೆತನದಲ್ಲಿ ಆಕೆಗಿಂತ ಮೊದಲಿನವರು ಯಾರೂ ನಿರ್ಧರಿಸಿದವರಲ್ಲ. ವೈದ್ಯರ ಉಪದೇಶ ವೈದ್ಯಶಾಸ್ತ್ರದ ಮಟ್ಟಿಗೆ ಸರಿಯೇ ಇದೆ. ಅದು ಹೋಗಿ ಮುಟ್ಟಬೇಕಾದ ವಿಳಾಸ ಮಾತ್ರ ತಪ್ಪಿದೆ. ಈ ವಿಳಾಸ ಹೇಗೆ ತಪ್ಪಿತು ಎಂದು ತಿಳಿಯಲು ಕೇರಿಯ ಗಂಗಾಳಕ್ಕೆ ಏನು ಬಿತ್ತು, ಯಾರು ಅಳೆದು ಹಾಕಿದರು ಎಂಬ ಚರಿತ್ರೆಯನ್ನೇ ನೋಡಬೇಕು.

*

ಬಳ್ಳಾರಿಯ ಎರೆಭೂಮಿ ಜೋಳ, ನವಣೆ, ಹತ್ತಿಯ ನೆಲ. ಜೋಳದ ರೊಟ್ಟಿ, ಜೋಳದ ನುಚ್ಚು, ನವಣೆ ಅನ್ನ ಇವೇ ಬಹುಜನರ ಊಟ. ನೆಲ್ಲಕ್ಕಿಯ ಅನ್ನ ಹೊಳೆದಂಡೆಯ ಗದ್ದೆಯವರದು, ಹಬ್ಬದ್ದು, ಧಣಿಗಳದ್ದು. ಕೇರಿಯ ಪಾಲಿಗೆ ಬಂದದ್ದು ಆಯದ ಕಾಳು, ಸುಗ್ಗಿಯ ಕೂಲಿಕಾಳು, ಹೊಲದ ಬದುವಿನ ಸೊಪ್ಪು, ಊರು ಕೊಟ್ಟ ಸತ್ತ ದನ. ಇದನ್ನು 'ಹಿರಿಯರ ಆರೋಗ್ಯಕರ ಆಹಾರ ಪದ್ಧತಿ' ಎಂದು ಈಗ ಹಾಡಿ ಹೊಗಳುವ ಒಂದು ವರ್ಗ ಹುಟ್ಟಿಕೊಂಡಿದೆ. ಅವರಿಗೆ ಒಂದು ಮಾತು ಹೇಳಬೇಕು. ಜೋಳ ಒಳ್ಳೆಯದೇ. ಆದರೆ ಅದು ಹೊಟ್ಟೆ ತುಂಬ ಸಿಕ್ಕ ದಿನಗಳಿಗಿಂತ ಸಿಗದ ದಿನಗಳೇ ಹೆಚ್ಚು. ಸುಗ್ಗಿಯಲ್ಲಿ ಉಂಡವರು ಮಳೆಗಾಲಕ್ಕೆ ಮುಂಚೆ ಅಂಬಲಿ ಕುಡಿದರು, ಅದೂ ಇಲ್ಲದಾಗ ನೀರು ಕುಡಿದು ಮಲಗಿದರು. ಇದು ಪದ್ಧತಿಯಲ್ಲ, ಗತಿ.

ಈ ಗತಿ ಕುಸಿದು ಬಿದ್ದದ್ದು ಧಾತು ಸಂವತ್ಸರದ ಬರದಲ್ಲಿ, ಅಂದರೆ 1876ರಿಂದ 1878ರವರೆಗೆ. ಆಗ ಬಳ್ಳಾರಿ ಮದ್ರಾಸು ಪ್ರಾಂತ್ಯದ ಜಿಲ್ಲೆ, ಆ ಪ್ರಾಂತ್ಯದಲ್ಲಿ ಬರಕ್ಕೆ ಅತಿ ಹೆಚ್ಚು ತುತ್ತಾದ ಜಿಲ್ಲೆಗಳಲ್ಲಿ ಒಂದು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲಿ ಒಂದು ಪಾಲು ಇಳಿಯಿತು. ಹೊಲ ಇದ್ದವರು ದನ ಮಾರಿದರು, ಪಾತ್ರೆ ಮಾರಿದರು. ಮಾರಲು ಏನೂ ಇಲ್ಲದವರು ಬರಗಾಲದ ಕಾಮಗಾರಿಗೆ ಹೋಗಿ ಕಲ್ಲು ಒಡೆದರು.

1877ರ ಜನವರಿ 1ರಂದು ದಿಲ್ಲಿಯಲ್ಲಿ ದರ್ಬಾರು ನಡೆದು ವಿಕ್ಟೋರಿಯಾ ರಾಣಿ ಭಾರತದ ಚಕ್ರವರ್ತಿನಿ ಎಂದು ಸಾರಲಾಯಿತು. ಅದೇ ತಿಂಗಳು ವೈಸರಾಯ್ ಲಿಟ್ಟನ್ನನ ಪ್ರತಿನಿಧಿಯಾಗಿ ಸರ್ ರಿಚರ್ಡ್ ಟೆಂಪಲ್ ಬರಪೀಡಿತ ಸೀಮೆಗಳಿಗೆ ಬಂದ. ಸರ್ಕಾರದ ಖರ್ಚು ಇಳಿಸುವುದು ಅವನ ಕೆಲಸ. ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಕಾಳು, ಮೇಲೊಂದಿಷ್ಟು ಕಾಸು ಸಾಕು ಎಂದು ಗೊತ್ತುಮಾಡಿದ. ಒಂದು ಪೌಂಡೆಂದರೆ ಸುಮಾರು 450 ಗ್ರಾಂ. ಅದಕ್ಕೆ ಮುಂಚೆ ಒಂದೂವರೆ ಪೌಂಡಿನ ಲೆಕ್ಕವಿತ್ತು. ಮದ್ರಾಸಿನ ಆರೋಗ್ಯ ಕಮಿಷನರ್ ಆಗಿದ್ದ ಡಾ. ವಿಲಿಯಂ ಕಾರ್ನಿಷ್ ಇದನ್ನು ಬರಹದಲ್ಲಿ ವಿರೋಧಿಸಿದ. ದುಡಿಯುವ ಮೈಗೆ ಇಷ್ಟು ಸಾಲದು, ಇದು ನಿಧಾನವಾಗಿ ಕೊಲ್ಲುವ ಅಳತೆ ಎಂಬುದು ಅವನ ವಾದದ ಸಾರ. ಕೆಲವೇ ತಿಂಗಳಲ್ಲಿ ಮದ್ರಾಸು ಸರ್ಕಾರ ಕೂಲಿ ಏರಿಸಬೇಕಾಯಿತು. ಅಷ್ಟರಲ್ಲಿ ಎಷ್ಟೋ ಜೀವ ಹೋಗಿದ್ದವು.

ಟೆಂಪಲ್-ಕಾರ್ನಿಷ್ ಜಗಳವನ್ನು ಇಲ್ಲಿ ತರುವುದಕ್ಕೆ ಕಾರಣವಿದೆ. ಒಬ್ಬ ದುಡಿಯುವವನ ಮೈಗೆ ಎಷ್ಟು ಸಾಕು ಎಂಬ ಪ್ರಶ್ನೆಯನ್ನು ಇಬ್ಬರು ಸಾಹೇಬರು ಕಾಗದದ ಮೇಲೆ ಚರ್ಚಿಸಿದರು. ಕಲ್ಲು ಒಡೆಯುತ್ತಿದ್ದವನನ್ನು ಯಾರೂ ಕೇಳಲಿಲ್ಲ. ಕಾರ್ನಿಷ್ ದಯಾವಂತ, ಟೆಂಪಲ್ ಕಠಿಣ. ದಯೆಯಾಗಲಿ ಕಾಠಿಣ್ಯವಾಗಲಿ ಅಳೆಯುವ ಸೇರು ಅವರ ಕೈಯಲ್ಲೇ ಇತ್ತು. ಕೇರಿಯ ಉಣಿಸಿನ ಚರಿತ್ರೆಯಲ್ಲಿ ಈ ಸೇರು ಕೈಯಿಂದ ಕೈಗೆ ದಾಟುತ್ತ ಬಂದಿದೆ: ಧಣಿಯ ಕಣದಿಂದ ಸಾಹೇಬನ ಕ್ಯಾಂಪಿಗೆ, ಅಲ್ಲಿಂದ ನ್ಯಾಯಬೆಲೆ ಅಂಗಡಿಯ ತಕ್ಕಡಿಗೆ.

*

ನೂರೈವತ್ತು ವರ್ಷದ ಹಿಂದಿನ ಬರಕ್ಕೂ ಇವತ್ತಿನ ಶುಗರ್‌ಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ನೇರ ಸಂಬಂಧ ಹೇಳಹೊರಟರೆ ಅದು ಪುರಾಣವಾಗುತ್ತದೆ. ಆದರೆ ಬರ ಒಂದು ಸಲ ಬಂದು ಹೋದದ್ದಲ್ಲ. 1891-92ರಲ್ಲಿ, 1896-97ರಲ್ಲಿ, ಆಮೇಲೂ ಬಳ್ಳಾರಿಯ ಮಳೆ ಕೈಕೊಡುತ್ತಲೇ ಬಂತು. ಪ್ರತಿ ತಲೆಮಾರಿನಲ್ಲೂ ಅರೆಹೊಟ್ಟೆಯ ಬಸುರಿಯರು ಮಕ್ಕಳನ್ನು ಹೆತ್ತರು. ಆ ಮಕ್ಕಳ ಮೈ ಏನನ್ನು ಕಲಿತು ಹುಟ್ಟಿತು ಎಂಬುದು ಪ್ರಶ್ನೆ.

ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಎಂಬ ವೈದ್ಯ 1980ರ ದಶಕದಲ್ಲಿ ಒಂದು ವಿಚಾರ ಮುಂದಿಟ್ಟ: ತಾಯಿಯ ಹೊಟ್ಟೆಯಲ್ಲಿ ಆಹಾರ ಸಾಲದೆ ಬೆಳೆದ ಮಗು ಮಿದುಳನ್ನು ಉಳಿಸಿಕೊಳ್ಳಲು ಬೇರೆ ಅಂಗಗಳ ಬೆಳವಣಿಗೆಯಲ್ಲಿ ಕೈಬಿಗಿ ಮಾಡುತ್ತದೆ, ಮುಂದೆ ಹೇರಳ ಉಣಿಸು ಸಿಕ್ಕಾಗ ಆ ಮೈಗೆ ಅದನ್ನು ತಾಳುವ ಶಕ್ತಿ ಇರುವುದಿಲ್ಲ. ಇದನ್ನು ಪರೀಕ್ಷಿಸಲು ಹಳೆಯ ಹೆರಿಗೆ ದಾಖಲೆ ಬೇಕಲ್ಲ? ಅವು ಸಿಕ್ಕ ಅಪರೂಪದ ಜಾಗಗಳಲ್ಲಿ ಒಂದು ನಮ್ಮ ಮೈಸೂರು. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟಿದ್ದರು. ಹಾಗೆ ಹುಟ್ಟಿ ಮೈಸೂರಲ್ಲೇ ಉಳಿದಿದ್ದ 517 ಜನರನ್ನು ನಡುವಯಸ್ಸು ದಾಟಿದ ಮೇಲೆ ಹುಡುಕಿ ಪರೀಕ್ಷಿಸಿ, 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ಕಾಯಿಲೆ, 3.1 ಕಿಲೋಗಿಂತ ಹೆಚ್ಚು ತೂಗಿದವರಲ್ಲಿ ನೂರಕ್ಕೆ 3. ಸಕ್ಕರೆ ಕಾಯಿಲೆಯ ಲೆಕ್ಕ ಅಷ್ಟು ಸರಳವಾಗಿ ಬರಲಿಲ್ಲ. ಅಲ್ಲಿ ತೂಕ ಹೆಚ್ಚಿದ ತಾಯಂದಿರಿಗೆ ಹುಟ್ಟಿದ, ಉದ್ದ ಕಡಿಮೆಯಾಗಿ ಗುಂಡಗಿದ್ದ ಮಕ್ಕಳಲ್ಲೂ ಅಪಾಯ ಕಂಡಿತು. ಪುಣೆಯ ಡಾ. ಯಾಜ್ಞಿಕ್ ಮತ್ತು ಸಂಗಡಿಗರು 1993ರಿಂದ ಅಲ್ಲಿನ ಸುತ್ತಲ ಹಳ್ಳಿಗಳ ಬಸುರಿಯರ ಅಧ್ಯಯನ ನಡೆಸಿದರು. ಅಲ್ಲಿ ಹುಟ್ಟಿದ ಕೂಸುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಕೂಸುಗಳದು 3.5. ಸಣಕಲು ಕೂಸು, ಮಾಂಸಖಂಡ ಕಡಿಮೆ, ಆದರೆ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆ ಇಲ್ಲ. ತೆಳ್ಳಗೆ ಕಂಡರೂ ಒಳಗೆ ಕೊಬ್ಬಿನ ಮೈ. ಕೇರಿಯಲ್ಲಿ ಕೈಕಾಲು ಕಡ್ಡಿಯಂತಿದ್ದು ಹೊಟ್ಟೆ ಮುಂದೆ ಬಂದವರನ್ನು ನೋಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ದಲಿತ ವಿಮರ್ಶೆ ಮೈಯೆಲ್ಲ ಕಣ್ಣಾಗಿರಬೇಕು. 1962ರಲ್ಲಿ ಜೇಮ್ಸ್ ನೀಲ್ ಎಂಬ ವಿಜ್ಞಾನಿ 'ಮಿತವ್ಯಯದ ವಂಶವಾಹಿ' ಎಂಬ ಊಹೆ ಮಾಡಿದ. ಬರಗಾಲ ಕಂಡ ಜನಗಳ ರಕ್ತದಲ್ಲೇ ಕೊಬ್ಬು ಕೂಡಿಸಿಡುವ ಗುಣ ಇಳಿದು ಬಂದಿದೆ ಎಂಬುದು ಅದರ ತಿರುಳು. ಇಂಥ ಮಾತು ನಮ್ಮ ಸಮಾಜದಲ್ಲಿ ಯಾವ ದಾರಿ ಹಿಡಿಯುತ್ತದೆ ಎಂಬುದು ಗೊತ್ತಿರುವಂಥದ್ದೇ. 'ಅವರ ರಕ್ತವೇ ಹಂಗೆ' ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಕರ್ಮ ಸಿದ್ಧಾಂತ ಹಿಂದಿನ ಜನ್ಮದಲ್ಲಿ ಇಟ್ಟದ್ದನ್ನು ಇದು ವಂಶವಾಹಿಯಲ್ಲಿ ಇಡುತ್ತದೆ, ಅಷ್ಟೇ ವ್ಯತ್ಯಾಸ. ಮೈಸೂರಿನ, ಪುಣೆಯ ಅಧ್ಯಯನಗಳು ಹೇಳುವುದು ಬೇರೆ. ತಾಯಿಗೆ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬುದರ ಗುರುತು ಮಗುವಿನ ಮೈಯಲ್ಲಿದೆ. ಅಂದರೆ ದೋಷ ಹುಟ್ಟಿನದಲ್ಲ, ಗಂಗಾಳದ್ದು. ಗಂಗಾಳ ತುಂಬುವುದು ಬಿಡುವುದು ಸಮಾಜದ ಕೆಲಸ, ಆದ್ದರಿಂದ ಅದನ್ನು ಬದಲಿಸಬಹುದು.

*

ಸರ್ಕಾರಕ್ಕೆ ಬಳ್ಳಾರಿಯ ಬರ ಎಂದರೆ ನೀರಿನ ಸಮಸ್ಯೆ. 1906ರಲ್ಲಿ ಹಗರಿಯಲ್ಲಿ ಕೃಷಿ ಸಂಶೋಧನೆ ಕೇಂದ್ರ ಬಂತು, 1930ರ ದಶಕದಲ್ಲಿ ಅಲ್ಲಿ ಒಣಬೇಸಾಯದ ಪ್ರಯೋಗಗಳು ನಡೆದವು. ಮಳೆಯನ್ನೇ ನಂಬಿ ಜೋಳ ಬೆಳೆಯುವ ಜಾಣ್ಮೆಯನ್ನು ಸುಧಾರಿಸುವ ದಾರಿ ಅದು. ಇನ್ನೊಂದು ದಾರಿ ತುಂಗಭದ್ರಾ ಅಣೆಕಟ್ಟು. ಗೆದ್ದದ್ದು ಎರಡನೆಯದು. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ಕಾಲುವೆಗೆ ನೀರು ಬಂತು. ಅದೇ 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಕನ್ನಡ ತಾಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಕರ್ನಾಟಕದ ಏಕೀಕರಣದ ಚರಿತ್ರೆ ಬರೆದವರು ಎರಡನೆಯ ಘಟನೆಯನ್ನು ವಿಸ್ತಾರವಾಗಿ ಬರೆದಿದ್ದಾರೆ. ಕೇರಿಯ ಮಟ್ಟಿಗೆ ದೊಡ್ಡದು ಮೊದಲನೆಯದು.

ನೀರು ಬಂದ ಮೇಲೆ ಎರೆಭೂಮಿಯ ಬಣ್ಣ ಬದಲಾಯಿತು. ಸಿರುಗುಪ್ಪ, ಕುರುಗೋಡು, ಕಂಪ್ಲಿ ಸೀಮೆ ಭತ್ತದ ಸೀಮೆಯಾಯಿತು. ಕರಾವಳಿ ಆಂಧ್ರದಿಂದ ಬಂದ ರೈತರು ಭೂಮಿ ಕೊಂಡು ಕ್ಯಾಂಪುಗಳನ್ನು ಕಟ್ಟಿದರು, ಅಕ್ಕಿ ಗಿರಣಿಗಳು ಎದ್ದವು, ಮೆಣಸಿನಕಾಯಿ ಹತ್ತಿಗಳಲ್ಲಿ ದುಡ್ಡು ಓಡಾಡಿತು. ಈ ನೀರು ಹರಿದದ್ದು ಭೂಮಿ ಇದ್ದವರ ಕಡೆಗೆ. ಕೇರಿಗೆ ಸಿಕ್ಕಿದ್ದು ನಾಟಿಯ ಕೂಲಿ, ಕಳೆಯ ಕೂಲಿ, ಕೊಯ್ಲಿನ ಕೂಲಿ. ದರಖಾಸ್ತಿನಲ್ಲಿ ಬಂದ ತುಂಡು ನೆಲವನ್ನೂ ಸಾಲಕ್ಕೆ ಕಳೆದುಕೊಂಡವರಿಗಾಗಿಯೇ 1978ರಲ್ಲಿ ಪರಿಶಿಷ್ಟರ ಭೂಮಿ ಪರಭಾರೆ ನಿಷೇಧ ಕಾಯ್ದೆ ಬರಬೇಕಾಯಿತು ಎಂದರೆ, ಕಳೆದುಕೊಂಡವರ ಸಾಲು ಎಷ್ಟು ಉದ್ದವಿತ್ತೆಂದು ಊಹಿಸಬಹುದು. ಕೊಯ್ಲಿನ ಯಂತ್ರ ಬಂದ ಮೇಲೆ ಆ ಕೂಲಿಯೂ ಹೋಯಿತು. ಹೊಲಕ್ಕೆ ನಡೆದು ಹೋಗುತ್ತಿದ್ದ ಕೂಲಿಗಳನ್ನು ಈಗ ಆಟೋ, ಟಂಟಂಗಳು ತುಂಬಿಕೊಂಡು ಹೋಗುತ್ತವೆ. ಬಳ್ಳಾರಿ ಪಟ್ಟಣಕ್ಕೆ ಹೋದ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿ ಜೀನ್ಸ್ ಹೊಲಿಗೆಯ ಸಣ್ಣ ಕೋಣೆಗಳಲ್ಲಿ ಬೆಳಗಿನಿಂದ ರಾತ್ರಿಯ ತನಕ ಮಷೀನಿನ ಮುಂದೆ ಕೂರುತ್ತಾರೆ. ಕೂತು ಉಂಡವರಿಗೆ ಬರುವ ರೋಗ ಎಂದೆವಲ್ಲ, ಈಗ ಕೂತು ದುಡಿಯುವವರೂ ಇದ್ದಾರೆ.

ಊಟ ಏನಾಯಿತು? ಹೊಲದಲ್ಲಿ ಜೋಳ ಹೋದ ಮೇಲೆ ಕೂಲಿಕಾಳಿನಲ್ಲೂ ಜೋಳ ಹೋಯಿತು. ಆಮೇಲೆ ಕೂಲಿಕಾಳೇ ಹೋಗಿ ಕೂಲಿದುಡ್ಡು ಬಂತು. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಬಂತು. ಪಕ್ಕದ ಆಂಧ್ರದಲ್ಲಿ 1983ರಲ್ಲಿ ಎರಡು ರೂಪಾಯಿಗೆ ಕಿಲೋ ಅಕ್ಕಿ ಕೊಟ್ಟು ಎನ್.ಟಿ. ರಾಮರಾವ್ ಜನರ ಮನಸ್ಸು ಗೆದ್ದರು. ನಮ್ಮಲ್ಲಿ 2013ರಲ್ಲಿ ಅನ್ನಭಾಗ್ಯ ಬಂತು. ಆಗ ಮೂರು ಮತ್ತು ಅದಕ್ಕೆ ಹೆಚ್ಚು ಜನರಿರುವ ಬಡಕುಟುಂಬಕ್ಕೆ ಕಿಲೋಗೆ ಒಂದು ರೂಪಾಯಿಯಂತೆ ತಿಂಗಳಿಗೆ 30 ಕಿಲೋ. ಇದರ ಬಗ್ಗೆ ಪಟ್ಟಣದ ಜಾಣರು ಆಡಿದ ಕುಹಕದ ಮಾತುಗಳನ್ನು ಯಾರೂ ಮರೆತಿಲ್ಲ: ಕೂಲಿಗೆ ಯಾರೂ ಬರ್ತಿಲ್ಲ, ಉಂಡು ಮಲಗ್ತಾರೆ. ಬಿಟ್ಟಿ ಅಕ್ಕಿ ಧಣಿಯ ಅಂಗಳದಲ್ಲಿ ಕೈಯೊಡ್ಡಿ ನಿಲ್ಲುವುದನ್ನು ತಪ್ಪಿಸಿತು, ಅದೇ ಅವರಿಗೆ ಸಂಕಟ. ಆದ್ದರಿಂದ ಈ ಅಕ್ಕಿಯನ್ನು ಟೀಕಿಸುವಾಗ ನಾವು ಯಾರ ಪಕ್ಕದಲ್ಲಿ ನಿಂತು ಟೀಕಿಸುತ್ತಿದ್ದೇವೆ ಎಂಬ ಎಚ್ಚರ ಬೇಕು. ಬಿಳಿ ಅನ್ನ ಕೇರಿಗೆ ಬರೀ ಅನ್ನವಲ್ಲ. ಯಾರ ಮನೆಯ ಹಬ್ಬದ ಎಂಜಲಲ್ಲಿ ಮಾತ್ರ ಕಂಡದ್ದೋ ಅದು ತಮ್ಮ ಒಲೆಯ ಮೇಲೆ ದಿನಾ ಬೇಯುವುದು ಒಂದು ಬಗೆಯ ಬಿಡುಗಡೆಯೂ ಹೌದು.

ಆದರೆ ಮೈಗೆ ಈ ಬಿಡುಗಡೆಯ ಅರ್ಥ ಗೊತ್ತಿಲ್ಲ. ಗಿರಣಿಯಲ್ಲಿ ಉಜ್ಜಿ ಬೆಳ್ಳಗೆ ಮಾಡಿದ ಅಕ್ಕಿಯ ಅನ್ನ ಬಲುಬೇಗ ಸಕ್ಕರೆಯಾಗಿ ರಕ್ತಕ್ಕೆ ಇಳಿಯುತ್ತದೆ. ಅದನ್ನು ಹೀರಿಕೊಳ್ಳಲು ಮಾಂಸಖಂಡ ಬೇಕು, ಅದು ಕಡಿಮೆ. ಉಳಿದದ್ದು ಕೊಬ್ಬಾಗಿ ಹೊಟ್ಟೆಯ ಸುತ್ತ, ಈಲಿಯ ಒಳಗೆ ಕೂರುತ್ತದೆ. ಬೇಳೆ ದುಬಾರಿ, ಸೊಪ್ಪು ಕೊಳ್ಳಬೇಕು, ಹಾಗಾಗಿ ಗಂಗಾಳದ ತುಂಬ ಅನ್ನ, ಮೇಲೆ ತೆಳ್ಳನೆಯ ಸಾರು, ರುಚಿಗೆ ಉಪ್ಪು ಖಾರ. ಬಳ್ಳಾರಿಯ ಮೆಣಸಿನಕಾಯಿಗಂತೂ ಬರವಿಲ್ಲ. ಅನ್ನ ಹೆಚ್ಚಾದಷ್ಟೂ ಉಪ್ಪು ಹೆಚ್ಚು, ಉಪ್ಪು ಹೆಚ್ಚಾದಷ್ಟೂ ಬಿಪಿ.

ಇಲ್ಲೊಂದು ವ್ಯಂಗ್ಯ ಇದೆ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂಬರ್ಥದ ಮಾತಾಡಿ, ಗಲಭೆಯೆದ್ದು, ಮಂತ್ರಿ ಪದವಿ ಬಿಡಬೇಕಾಯಿತು. ಬೂಸಾ ಎಂದರೆ ದನದ ಮೇವು, ತೌಡು ಹೊಟ್ಟು ಇತ್ಯಾದಿ. ಆಹಾರಶಾಸ್ತ್ರದ ಪ್ರಕಾರ ಅಕ್ಕಿಯ ನಾರು, ಜೀವಸತ್ವ ಎಲ್ಲ ಇರುವುದು ಆ ತೌಡಿನಲ್ಲೇ. ಗಿರಣಿಯಲ್ಲಿ ಅದು ಬೇರೆಯಾಗಿ ಎಣ್ಣೆಗೆ, ದನಕ್ಕೆ ಹೋಗುತ್ತದೆ, ಸತ್ವ ಕಳೆದ ಬಿಳುಪು ಬಡವರಿಗೆ ಬರುತ್ತದೆ. ಜೋಳ, ನವಣೆಗಳ ಕಥೆಯೂ ಇಂಥದ್ದೇ. ಕೇರಿಯವರು ಅವನ್ನು ಉಣ್ಣುತ್ತಿದ್ದಾಗ ಅವು ಕಡುಧಾನ್ಯ, ಕೀಳು ಧಾನ್ಯ. 2018 ದೇಶದ ಸಿರಿಧಾನ್ಯ ವರ್ಷ, 2023 ವಿಶ್ವಸಂಸ್ಥೆಯ ಸಿರಿಧಾನ್ಯ ವರ್ಷ ಎಂದಾಗ ಅದೇ ನವಣೆ ಬೆಂಗಳೂರಿನ ಅಂಗಡಿಯಲ್ಲಿ ಸಣ್ಣ ಪೊಟ್ಟಣದಲ್ಲಿ ಕೂತಿತ್ತು, ಕೇರಿಯವರು ಮುಟ್ಟಲಾಗದ ಬೆಲೆಯಲ್ಲಿ. ಸಿರಿ ಬಂದ ಕೂಡಲೆ ಧಾನ್ಯ ಊರು ಬಿಟ್ಟಿತು.

*

ಇಷ್ಟೆಲ್ಲ ಬೇರೆಯವರ ಕೈಯ ಸೇರಿನ ಚರಿತ್ರೆ. ಹಾಗಾದರೆ ದಲಿತರು ತಮ್ಮ ಉಣಿಸನ್ನು ತಾವೇ ಬದಲಿಸಿಕೊಂಡದ್ದು ಇಲ್ಲವೇ? ಇದೆ, ಅದೂ ಸಣ್ಣ ಬದಲಾವಣೆಯಲ್ಲ. 1927ರ ಮಾರ್ಚಿನಲ್ಲಿ ಮಹಾಡ್‌ನಲ್ಲಿ ಸೇರಿದ ಜನಕ್ಕೆ ಅಂಬೇಡ್ಕರ್ ಸತ್ತ ದನದ ಮಾಂಸ ಬಿಡಲು, ಎಂಜಲು ಬೇಡುವುದನ್ನು ನಿಲ್ಲಿಸಲು ಹೇಳಿದರು. ಚವದಾರ ಕೆರೆಯ ನೀರು ಕುಡಿದದ್ದನ್ನು ಎಲ್ಲರೂ ನೆನೆಯುತ್ತಾರೆ. ಅದೇ ಸಭೆಯಲ್ಲಿ ಆಹಾರದ ಬಗ್ಗೆ ಆದ ತೀರ್ಮಾನಕ್ಕೆ ಅಷ್ಟು ಗಮನ ಸಿಕ್ಕಿಲ್ಲ. 1970ರ ದಶಕದಲ್ಲಿ ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಹಬ್ಬಿದಾಗ ನಮ್ಮ ಕಡೆಯೂ ಎಷ್ಟೋ ಕೇರಿಗಳು ಸತ್ತ ದನ ಹೊರುವುದನ್ನು ಬಿಟ್ಟವು, ಹೆಂಡದ ವಿರುದ್ಧ ನಿಂತವು. ಯಾವ ವೈದ್ಯರೂ ಹೇಳಿದ್ದಲ್ಲ, ಯಾವ ಟೇಪೂ ಅಳೆದದ್ದಲ್ಲ. ನಾಲಿಗೆಯ ರೂಢಿಯನ್ನು, ಸಿಕ್ಕಿದ್ದರಲ್ಲಿ ಪುಕ್ಕಟೆ ಪ್ರೋಟೀನಾಗಿದ್ದ ಬಾಡನ್ನು ಸ್ವಾಭಿಮಾನಕ್ಕಾಗಿ ಬಿಟ್ಟುಕೊಟ್ಟರು. ಬಡವರಿಗೆ ತಿಳಿವಳಿಕೆ ಇಲ್ಲ, ಹೇಳಿದರೂ ಬದಲಾಗುವುದಿಲ್ಲ ಎನ್ನುವ ಆರೋಗ್ಯ ಇಲಾಖೆಯ ಭಾಷಣಕಾರರಿಗೆ ಈ ಚರಿತ್ರೆ ಗೊತ್ತಿದ್ದಂತಿಲ್ಲ. ಜನ ಬದಲಾಗುತ್ತಾರೆ, ಬದಲಾವಣೆಯ ಮಾತು ಅವರ ಮಾನದ ಮಾತೂ ಆಗಿದ್ದಾಗ.

ಇದಕ್ಕೆ ಅಂಟಿಕೊಂಡ ಇನ್ನೊಂದು ಸಂಗತಿ. ಅಂಬೇಡ್ಕರರಿಗೇ ಸಕ್ಕರೆ ಕಾಯಿಲೆ ಇತ್ತು. ಸಂವಿಧಾನ ರಚನೆಯ ವರ್ಷಗಳಲ್ಲಿ ಅದು, ಅದರ ಜೊತೆಗೆ ಬರುವ ನರಗಳ ನೋವು ಅವರನ್ನು ಕಾಡಿತು. 1948ರ ಏಪ್ರಿಲ್‌ನಲ್ಲಿ ಅವರು ಮದುವೆಯಾದ ಶಾರದಾ ಕಬೀರ್ ಸ್ವತಃ ವೈದ್ಯೆ. ಕಡೆಯ ವರ್ಷಗಳಲ್ಲಿ ಕಣ್ಣು ಮಂಜಾಗಿ, ನಡೆಯಲು ಆಸರೆ ಬೇಕಾಗಿ, 1956ರ ಡಿಸೆಂಬರ್ 6ರಂದು ತೀರಿಕೊಂಡಾಗ ಅವರಿಗೆ 65 ವರ್ಷ. ನಮ್ಮ ಪಟಗಳಲ್ಲಿ, ಪ್ರತಿಮೆಗಳಲ್ಲಿ ಬಾಬಾಸಾಹೇಬರು ಸದಾ ಗಟ್ಟಿಮುಟ್ಟಾಗಿ ಬೆರಳು ತೋರಿಸುತ್ತ ನಿಂತಿರುತ್ತಾರೆ. ಗುಳಿಗೆ ನುಂಗುವ, ಪಥ್ಯ ಮಾಡುವ ಬಾಬಾಸಾಹೇಬರ ಪಟ ಯಾರ ಮನೆಯಲ್ಲೂ ಇಲ್ಲ. ಶುಗರ್ ಬಂದದ್ದನ್ನು ಮುಚ್ಚಿಟ್ಟು ಗುಳಿಗೆ ಬಿಡುವ ಕಾರ್ಯಕರ್ತ ಗೆಳೆಯರು ಎಲ್ಲ ಊರಲ್ಲೂ ಇದ್ದಾರೆ. ಅವರಿಗಾದರೂ ಆ ಪಟ ಬೇಕಿತ್ತು.

ಸ್ವಂತ ತೀರ್ಮಾನದ ಚರಿತ್ರೆ ಹೀಗಿರುವಾಗ ಗಂಗಾಳಕ್ಕೆ ಕೈ ಹಾಕುವವರು ಮತ್ತೆ ಬಂದಿದ್ದಾರೆ. ಅನ್ನ ಕಡಿಮೆ ಮಾಡಿ ಪ್ರೋಟೀನು ಹೆಚ್ಚು ತಿನ್ನಿ ಎಂದು ಆಸ್ಪತ್ರೆ ಹೇಳುತ್ತದೆ. ಬಡವರಿಗೆ ಕೈಗೆಟಕುವ ಬೆಲೆಯಲ್ಲಿ ಪ್ರೋಟೀನು ಕೊಡುತ್ತಿದ್ದ ದನದ ಮಾಂಸವನ್ನು 2020ರ ಕಾಯ್ದೆ, 13 ವರ್ಷ ದಾಟಿದ ಎಮ್ಮೆ ಕೋಣಗಳನ್ನು ಬಿಟ್ಟು, ಅಪರಾಧವಾಗಿಸಿತು. 2021ರ ಡಿಸೆಂಬರಿನಲ್ಲಿ ಬಳ್ಳಾರಿಯೂ ಸೇರಿ ಏಳು ಜಿಲ್ಲೆಗಳ ಶಾಲಾಮಕ್ಕಳಿಗೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಬೇಡವೆಂದರು. ಮೊಟ್ಟೆ ಬೇಕೆಂದು ಮಕ್ಕಳೇ ಮಾತಾಡಿದ್ದು ಆ ವಿವಾದದಲ್ಲಿ ಸಮಾಧಾನ ಕೊಟ್ಟ ಸಂಗತಿ. ಹತ್ತು ವರ್ಷದ ಹುಡುಗಿಯ ಮೈಯಲ್ಲಿ ಈಗ ಮಾಂಸಖಂಡ ಬೆಳೆಯದೆ ಹೋದರೆ, ಇಪ್ಪತ್ತಕ್ಕೆ ಅವಳು ಹೆರುವ ಕೂಸಿನ ತೂಕ ಎಲ್ಲಿಂದ ಬರಬೇಕು? ಮೊಟ್ಟೆಯ ಜಗಳವನ್ನು ಸಸ್ಯಾಹಾರ-ಮಾಂಸಾಹಾರದ ಜಗಳವಾಗಿ ನೋಡಿದವರಿಗೆ ಇದು ಕಂಡಿಲ್ಲ.

*

ಹಾಗಾದರೆ ಜೀವನಶೈಲಿಯ ಮಾತೇ ಸುಳ್ಳೆ? ಅಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ 'ಎಲ್ಲಾ ವ್ಯವಸ್ಥೆಯ ತಪ್ಪು' ಎಂದು ಹೇಳಿ ಕಾಲು ಕಳೆದುಕೊಂಡವರೂ ನಮ್ಮ ನಡುವೆ ಇದ್ದಾರೆ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ವರದಿ ಮಾಡಿದರು. ಏನೂ ಮಾಡದೆ ಬಿಟ್ಟವರಲ್ಲಿ ನೂರಕ್ಕೆ 55 ಜನ ಕಾಯಿಲೆಗೆ ಬಿದ್ದರೆ, ಊಟ ಬದಲಿಸಿ ನಡಿಗೆ ಹೆಚ್ಚಿಸಿದವರಲ್ಲಿ 39. ಮೈತೂಕ ಅಷ್ಟೇನೂ ಇಳಿಯದಿದ್ದರೂ ಈ ಲಾಭ ಸಿಕ್ಕಿತು. ಗುಳಿಗೆ ಕೊಟ್ಟವರಿಗೂ ಇವರಿಗೂ ಹೆಚ್ಚು ವ್ಯತ್ಯಾಸ ಬರಲಿಲ್ಲ. ಹಾಗಾಗಿ ಉಪದೇಶ ಫಲಿಸುತ್ತದೆ. ಆದರೆ ಆ 531 ಜನ ಹೆಚ್ಚಾಗಿ ನೌಕರಿಯಲ್ಲಿದ್ದ ಮಧ್ಯಮವರ್ಗದವರು, ಅವರ ಮನೆಯವರು. ತಿಂಗಳ ಸಂಬಳ, ಹೊತ್ತಿಗೆ ಸರಿಯಾದ ಊಟ, ನಡೆಯಲು ಬೀದಿ ಇದ್ದವರು.

ಕೇರಿಯಲ್ಲಿ ಅದೇ ಉಪದೇಶ ನಡೆಯಬೇಕಾದರೆ ಅದನ್ನು ಮುರಿದು ಕಟ್ಟಬೇಕು. ಅನ್ನವನ್ನೇ ಬಿಡಿ ಎನ್ನುವ ಬದಲು ರಾತ್ರಿಯ ಅನ್ನದ ಜಾಗಕ್ಕೆ ಎರಡು ರೊಟ್ಟಿ, ಬೇಳೆ, ಪುಂಡಿಸೊಪ್ಪು ಬಂದರೂ ಸಾಕಷ್ಟು ಬದಲಾಗುತ್ತದೆ. ಆದರೆ ರೊಟ್ಟಿ ಬಡಿಯುವವರು ಯಾರು? ಅನ್ನಕ್ಕೆ ಕುಕ್ಕರ್ ಸಾಕು, ರೊಟ್ಟಿಗೆ ಒಂದು ತಾಸು ಒಲೆ ಮುಂದೆ ಕೂರಬೇಕು. ಹೊಲದಿಂದ ಬಂದ ಹೆಂಗಸಿಗೇ ಆ ತಾಸನ್ನೂ ಹೊರಿಸಿ ಅದನ್ನು ಆರೋಗ್ಯ ಎಂದು ಕರೆಯುವುದು ಗಂಡಸಿನ ಲೆಕ್ಕ. ಸಂಘಟನೆಯ ಗೆಳೆಯರು ಭಾಷಣ ಮುಗಿಸಿ ಮನೆಗೆ ಹೋಗಿ ಹಿಟ್ಟು ನಾದಬಹುದು. ಸ್ತ್ರೀಶಕ್ತಿ ಸಂಘಗಳು ಕೇರಿಗೆ ಒಂದು ರೊಟ್ಟಿಯ ಮನೆ ಮಾಡಬಹುದು. ಇವು ಕ್ರಾಂತಿಯಲ್ಲ, ಆಗುವ ಕೆಲಸ. ವಾಕಿಂಗ್ ವಿಷಯವೂ ಹೀಗೇ. ಕೇರಿಯ ಹೆಣ್ಣುಮಗಳು ಬೆಳಿಗ್ಗೆ ಬೂಟು ಹಾಕಿಕೊಂಡು ಊರೊಳಗಿನ ಬೀದಿಯಲ್ಲಿ ಬೀಸಾಗಿ ನಡೆದರೆ ಕಟ್ಟೆಯವರು ಏನೆಂದಾರು ಎಂಬುದು ಗೊತ್ತಿದ್ದೇ ನಡಿಗೆಯ ಸಲಹೆ ಕೊಡಬೇಕು. ನಾಲ್ಕೈದು ಜನ ಕೂಡಿ, ಕಾಲುವೆ ಏರಿಯ ಮೇಲೆ, ಮಾತಾಡುತ್ತ ನಡೆದರೆ ಅದು ಬೇರೆ. ಸಾರಾಯಿ 2007ರಲ್ಲಿ ನಿಂತಿತು, ಆದರೆ ಸರ್ಕಾರದ ಪರವಾನಗಿಯ ಅಗ್ಗದ ಮದ್ಯ ಪೆಟ್ಟಿಗೆ ಅಂಗಡಿಗೂ ನುಸುಳಿ ಬಂತು. ಹಳೆಯ ಹೆಂಡ ವಿರೋಧದ ನೆನಪು ಇನ್ನೂ ಹಸಿಯಾಗಿರುವಾಗ ಗುಟ್ಕಾ, ಕ್ವಾರ್ಟರುಗಳ ವಿರುದ್ಧ ಮಾತಾಡುವುದು ಕಷ್ಟವಾಗಬಾರದು.

ದೊಡ್ಡ ಬೇಡಿಕೆ ಅಂಗಡಿಯ ತಕ್ಕಡಿಯದು. ಉತ್ತರದ ಜಿಲ್ಲೆಗಳ ಪಡಿತರದಲ್ಲಿ ಆಗಾಗ ಜೋಳ ಕೊಟ್ಟದ್ದುಂಟು, ಬೆಂಬಲ ಬೆಲೆಗೆ ಕೊಂಡದ್ದು ಗೋದಾಮಿನಲ್ಲಿ ಇದ್ದಷ್ಟು ದಿನ. ಅಕ್ಕಿಯನ್ನು ಕಿತ್ತುಕೊಳ್ಳದೆ ಅದರ ಒಂದು ಪಾಲಿಗೆ ಬದಲು ಜೋಳ, ತೊಗರಿ ಕೇಳುವ ಹಕ್ಕು ಕಾರ್ಡಿನವರದ್ದೇ ಆಗಬೇಕು. ಹಗರಿಯ ಒಣಬೇಸಾಯದ ಅರಿವು, ಕಾಲುವೆಯ ಕೊನೆಗೆ ನೀರು ಮುಟ್ಟದ ಹೊಲಗಳು, ಕೇರಿಯ ಅಡುಗೆಮನೆ ಇವು ಮೂರನ್ನೂ ಕೂಡಿಸಿ ನೋಡುವ ಯೋಜನೆ ಅಸಾಧ್ಯವೇನಲ್ಲ.

ಮತ್ತೆ ಆಶಾ ಕಾರ್ಯಕರ್ತೆಯ ಫಾರಮ್ಮಿಗೆ ಬರೋಣ. ಅದರಲ್ಲಿರುವ ಪ್ರಶ್ನೆಗಳು: ವಯಸ್ಸು ಎಷ್ಟು, ಬೀಡಿ ಸೇದುತ್ತೀರಾ, ಗುಟ್ಕಾ ತಿನ್ನುತ್ತೀರಾ, ದಿನಾ ಕುಡಿಯುತ್ತೀರಾ, ಸೊಂಟ ಎಷ್ಟು, ವಾರಕ್ಕೆ 150 ನಿಮಿಷ ದೈಹಿಕ ಶ್ರಮ ಮಾಡುತ್ತೀರಾ, ಮನೆಯಲ್ಲಿ ಯಾರಿಗಾದರೂ ಬಿಪಿ, ಶುಗರ್, ಹೃದಯದ ಕಾಯಿಲೆ ಇದೆಯೇ. ಒಂದೊಂದಕ್ಕೂ ಅಂಕ. ನಾಟಿಯ ತಿಂಗಳಲ್ಲಿ ಕೇಳಿದರೆ ಕೂಲಿ ಹೆಣ್ಣುಮಗಳು 150 ನಿಮಿಷಕ್ಕೆ ನಕ್ಕುಬಿಡುತ್ತಾಳೆ, 'ಯಕ್ಕಾ, ಅದು ಮುಂಜಾನಿ ಹತ್ತಕ್ಕ ಮುಗೀತದ'. ಬೇಸಿಗೆಯಲ್ಲಿ ಕಾಲುವೆ ನಿಂತಾಗ, ಕೂಲಿ ಇಲ್ಲದೆ ಮನೆಯಲ್ಲಿ ಅಕ್ಕಿ ಒಂದೇ ಇದ್ದಾಗ, ಅದೇ ಪ್ರಶ್ನೆಗೆ ಅವಳ ಉತ್ತರ ಬೇರೆ. ಫಾರಮ್ಮಿನಲ್ಲಿ ತಿಂಗಳು ಕೇಳುವ ಕಾಲಂ ಇಲ್ಲ. ಮನೆಯಲ್ಲಿ ಎಷ್ಟು ಕಿಲೋ ಅಕ್ಕಿ, ಎಷ್ಟು ಜೋಳ, ಎಷ್ಟು ಬೇಳೆ, ಕಡೆಗೆ ಉಣ್ಣುವವರು ಯಾರು, ಹುಟ್ಟಿದಾಗ ನಿನ್ನ ತೂಕ ಎಷ್ಟಿತ್ತು ಎಂಬ ಕಾಲಂಗಳೂ ಇಲ್ಲ. ಗ್ರಾಮಸಭೆಗೆ ಹೋಗುವ ಹುಡುಗರು ಈ ನಾಲ್ಕೈದು ಪ್ರಶ್ನೆಗಳನ್ನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದುಕೊಂಡು, ತಮ್ಮ ಕೇರಿಯ ಮನೆಮನೆಗೂ ಒಂದು ಸಲ ಸುಗ್ಗಿಯಲ್ಲಿ, ಒಂದು ಸಲ ಕಾಲುವೆ ನಿಂತಾಗ ಹೋಗಿ ಬರಬಹುದು.